ಮೂರಕ್ಕೆ ಮೂರು ಸೇರಿದರೆ ಐದು

ಹೊಟ್ಟೆಪಾಡಿಗೆ ಲೆಕ್ಕಪತ್ರ ನೋಡುವವನು ನಾನು. ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ಅಂದು ಊಟ ರುಚಿಸುವುದಿಲ್ಲ. ಅಂಥವನ ಮುಂದೆ, ಪಿಯಾನೊ ತರಗತಿಗೆ ಸೇರಿದ ನಾಲ್ಕನೆಯ ವಾರ, ನನ್ನ ಅರ್ಧದಷ್ಟು ವಯಸ್ಸಿನ ಶಿಕ್ಷಕಿ ಬಿಳಿ ಹಲಗೆಯ ಮೇಲೆ ಹೀಗೆ ಬರೆದರು: 3 + 3 = 5. ಬರೆದು, ಏನೂ ಆಗದವರಂತೆ ಪೆನ್ನಿನ ಮುಚ್ಚಳ ಹಾಕಿದರು.

ಪಿಯಾನೊದ ಸ್ವರಗಳಿಗೆ ಎಯಿಂದ ಜಿವರೆಗಿನ ಇಂಗ್ಲಿಷ್ ಅಕ್ಷರಗಳೇ ಹೆಸರು. ಸಿ ಸ್ವರದಿಂದ ಇ ಸ್ವರಕ್ಕೆ ಇರುವ ಅಂತರದ ಹೆಸರು ‘ಥರ್ಡ್’, ಅಂದರೆ ಮೂರನೆಯದು. ಇ ಸ್ವರದಿಂದ ಜಿ ಸ್ವರಕ್ಕೂ ಥರ್ಡ್. ಇವೆರಡನ್ನೂ ಒಂದರ ಮೇಲೊಂದು ಇಟ್ಟರೆ ಸಿಯಿಂದ ಜಿಯವರೆಗೆ ಹೋಗುತ್ತೇವೆ. ಆ ಅಂತರದ ಹೆಸರು ಮಾತ್ರ ‘ಫಿಫ್ತ್’, ಐದನೆಯದು. “ಆರು ಆಗಬೇಕಲ್ಲ ಮೇಡಂ?” ಎಂದೆ. “ಎಣಿಸಿ ನೋಡಿ ಸರ್” ಎಂದರು. ಸಿ, ಡಿ, ಇ, ಎಫ್, ಜಿ. ಬೆರಳು ಮಡಚಿ ಎಣಿಸಿದೆ, ಐದೇ. ನಡುವಿನ ಇ ಎರಡೂ ಖಾತೆಗಳಲ್ಲಿ ಜಮೆಯಾಗಿತ್ತು. ನಮ್ಮ ವೃತ್ತಿಯಲ್ಲಿ ಇದಕ್ಕೊಂದು ಹೆಸರಿದೆ; ಅದೇನೂ ಗೌರವದ ಹೆಸರಲ್ಲ.

ಮನೆಗೆ ಹೋಗುವ ದಾರಿಯುದ್ದಕ್ಕೂ ಸಿಟ್ಟು. ದೂರ ಅಳೆಯುವಾಗ ನಿಂತ ಜಾಗವನ್ನೇ ಒಂದು ಎಂದು ಎಣಿಸುವವರು ಯಾರು? ಈ ಪದ್ಧತಿಯಲ್ಲಿ ಸೊನ್ನೆಯೇ ಇಲ್ಲ. ಇಬ್ಬರು ಒಂದೇ ಸ್ವರ ಹಾಡಿದರೆ, ಎಂದರೆ ಅಂತರವೇ ಇಲ್ಲದಿದ್ದರೆ, ಅದೂ ‘ಒಂದು’. ಅದನ್ನು ಯೂನಿಸನ್ ಎನ್ನುತ್ತಾರೆ. ಇವರು ಸೊನ್ನೆ ಕಲಿಯುವ ಮೊದಲೇ ಸಂಗೀತ ಕಲಿತಿರಬೇಕು ಎಂದು ಗೊಣಗಿಕೊಂಡೆ. ಮನೆಯ ಬಾಗಿಲು ತೆರೆಯುವಾಗ ಹೊಳೆಯಿತು: ನಾನೂ ಹುಟ್ಟಿದಾಗಿನಿಂದ ಹೀಗೆಯೇ ಎಣಿಸುತ್ತ ಬಂದವನು. ಸೋಮವಾರದಿಂದ ಸೋಮವಾರಕ್ಕೆ ಎಂಟು ದಿನ ಎನ್ನುತ್ತೇವೆ. ಎರಡು ವಾರ ಕಳೆದರೆ ಹದಿನೈದು ದಿನ ಎನ್ನುತ್ತೇವೆ. ಎಂಟಕ್ಕೆ ಎಂಟು ಸೇರಿ ಹದಿನೈದು! ಇದನ್ನು ಇದುವರೆಗೆ ಯಾವ ಲೆಕ್ಕಪರಿಶೋಧಕನೂ ತಪ್ಪೆಂದು ಗುರುತು ಹಾಕಿಲ್ಲ. ಪಿಯಾನೊದಲ್ಲಿ ಒಂದು ಸಿಯಿಂದ ಮುಂದಿನ ಸಿಗೆ ಆಕ್ಟೇವ್, ಎಂಟನೆಯದು. ನಮ್ಮ ಭಾಷೆಯಲ್ಲಿ ಒಂದು ಸ್ಥಾಯಿ. ಎರಡು ಸ್ಥಾಯಿ ಮೇಲೆ ನುಡಿಸಿ ಎಂದು ಸೂಚಿಸಲು ಹಾಳೆಯ ಮೇಲೆ ಬರೆಯುವ ಅಂಕಿ 15. ಅದೇ ಹದಿನೈದು ದಿನ.

ಅಂದಿನಿಂದ ನನ್ನ ಕಲಿಕೆಗೆ ಒಂದು ದಾರಿ ಸಿಕ್ಕಿತು. ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟಕ್ಕೆ ಹೋಗುವ ಬದಲು, ಲೆಕ್ಕ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಗೆ ಹೋಗಿ ಕೂರುವುದು. ಸಂಗೀತಶಾಸ್ತ್ರದಲ್ಲಿ ನನಗೆ ತಿಳಿದಿರುವ ಅಷ್ಟಿಷ್ಟೂ ಬಂದದ್ದು ಅಂಥ ಜಾಗಗಳಿಂದ.

ಕೀಲಿಮಣೆಯನ್ನೇ ನೋಡಿ. ಪೂರ್ಣ ಪ್ರಮಾಣದ ಪಿಯಾನೊದಲ್ಲಿ 88 ಕೀಲಿಗಳು; 52 ಬಿಳಿ, 36 ಕಪ್ಪು. ಹಾರ್ಮೋನಿಯಂ ಬಲ್ಲವರು ಕೀಲಿಗೆ ‘ಮನೆ’ ಎನ್ನುತ್ತಾರೆ. ನನಗೂ ಅದೇ ಮಾತು ರೂಢಿ. ಶ್ರುತಿ ಹೇಳುವಾಗ ಒಂದು ಮನೆ, ಒಂದೂವರೆ, ಎರಡು, ಎರಡೂವರೆ ಎಂದು ಸಾಗುತ್ತದೆ: ಪೂರ್ಣಸಂಖ್ಯೆ ಬಂದರೆ ಬಿಳಿ, ಅರ್ಧ ಬಂದರೆ ಕಪ್ಪು. ಈ ಎಣಿಕೆಯಲ್ಲಿ ಮೂರೂವರೆ ಎಂಬ ಮನೆ ಇಲ್ಲ. ಏಳೂವರೆಯೂ ಇಲ್ಲ. ಮೂರನೆಯ ಮನೆಯಾದ ಇ ಮತ್ತು ನಾಲ್ಕನೆಯದಾದ ಎಫ್ ಗೋಡೆಗೆ ಗೋಡೆ ತಾಗಿಸಿಕೊಂಡಿವೆ. ಬಿ ಮತ್ತು ಮೇಲಿನ ಸಿ ಕೂಡ ಹಾಗೆಯೇ. ಅಕ್ಕಪಕ್ಕದ ಉಳಿದ ಬಿಳಿ ಮನೆಗಳ ನಡುವೆಲ್ಲ ಒಂದೊಂದು ಕಪ್ಪು ಮನೆ ತೂರಿಕೊಂಡಿದೆ.

ಇದು ಯಾರೋ ಒಬ್ಬರು ನಕ್ಷೆ ಹಾಕಿ ಕಟ್ಟಿದ ವ್ಯವಸ್ಥೆಯಾಗಿರಲಾರದು ಎಂಬ ಅನುಮಾನ ಮೊದಲ ದಿನವೇ ಇತ್ತು. ಓದುತ್ತ ಹೋದಂತೆ ಅದು ನಿಜವಾಯಿತು. ಮೊದಲು ಇದ್ದದ್ದು ಏಳು ಅಕ್ಷರಗಳ ಸ್ವರಗಳು, ಎಂದರೆ ಇಂದಿನ ಬಿಳಿ ಮನೆಗಳು. ಅವುಗಳ ನಡುವೆ ಮೊದಲು ನುಗ್ಗಿದ್ದು ಇಳಿಸಿದ ಬಿ. ಮಧ್ಯಯುಗದ ಯುರೋಪಿನಲ್ಲಿ ಬಿ ಎಂಬ ಅಕ್ಷರವನ್ನೇ ಎರಡು ಬಗೆಯಾಗಿ ಬರೆಯುತ್ತಿದ್ದರು: ತಗ್ಗಿನದಕ್ಕೆ ದುಂಡು ಹೊಟ್ಟೆಯ ಬಿ, ಎತ್ತರದ್ದಕ್ಕೆ ಚೌಕ ಹೊಟ್ಟೆಯ ಬಿ. ದುಂಡಗಿನದು ಸ್ವರವನ್ನು ಒಂದು ಮನೆ ಇಳಿಸುವ ಇಂದಿನ ಫ್ಲಾಟ್ ಗುರುತಾಯಿತು, ಚೌಕದ್ದು ಏರಿಳಿತವನ್ನು ರದ್ದು ಮಾಡುವ ನ್ಯಾಚುರಲ್ ಗುರುತಾಯಿತು. ಜರ್ಮನರು ಇವತ್ತಿಗೂ ತಗ್ಗಿನದನ್ನು ಬಿ ಎಂದೂ ಎತ್ತರದ್ದನ್ನು ಎಚ್ ಎಂದೂ ಕರೆಯುತ್ತಾರೆ. ಹಾಗಾಗಿಯೇ ಅಲ್ಲಿನ ಸಂಗೀತ ರಚನಕಾರ ಬಾಖ್ ಬಿ, ಎ, ಸಿ, ಎಚ್ ಎಂಬ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನು ನಾಲ್ಕು ಸ್ವರಗಳಾಗಿ ನುಡಿಸಲು ಸಾಧ್ಯವಾಯಿತು. ಒಟ್ಟಿನಲ್ಲಿ ಇದು ಹಳೆಯ ಮನೆ. ಬೇಕಾದಂತೆ ಒಂದೊಂದು ಕೋಣೆ ಸೇರಿಸುತ್ತ ಬಂದಿದ್ದಾರೆ. ಹನ್ನೆರಡು ಮನೆಗಳಿಗೆ ಏಳೇ ಅಕ್ಷರ ಏಕೆ ಎಂದು ಕೇಳುವುದು, ಅಜ್ಜ ಕಟ್ಟಿಸಿದ ಮನೆಯಲ್ಲಿ ಮೆಟ್ಟಿಲು ಅಡುಗೆಮನೆಯೊಳಗೆ ಏಕೆ ಇಳಿಯುತ್ತದೆ ಎಂದು ಕೇಳಿದಂತೆ.

ಆದರೂ ಒಂದು ಬಿಳಿ, ಒಂದು ಕಪ್ಪು ಎಂದು ಸರದಿಯಲ್ಲಿ ಜೋಡಿಸಿದ್ದರೆ ಅಚ್ಚುಕಟ್ಟಾಗಿರುತ್ತಿತ್ತಲ್ಲ ಎಂದು ಬಹಳ ದಿನ ಅನ್ನಿಸುತ್ತಿತ್ತು. ಒಂದು ಸಂಜೆ ವಿದ್ಯುತ್ ಹೋಯಿತು. ತರಗತಿಯ ಪಿಯಾನೊಗೆ ವಿದ್ಯುತ್ತಿನ ಹಂಗಿಲ್ಲ. “ಮುಂದುವರಿಸಿ” ಎಂದರು ಶಿಕ್ಷಕಿ. ಕತ್ತಲಲ್ಲಿ ಬೆರಳು ಸವರುತ್ತ ಹೋದೆ. ಎರಡು ಉಬ್ಬು, ಒಂದು ಬಯಲು, ಮೂರು ಉಬ್ಬು, ಮತ್ತೆ ಬಯಲು. ಎರಡರ ಗುಂಪಿನ ಎಡ ಮಗ್ಗುಲಿಗೆ ಇಳಿದರೆ ಸಿ. ಸಿಕ್ಕಿಯೇಬಿಟ್ಟಿತು. ಎಲ್ಲವೂ ಸಮವಾಗಿದ್ದಿದ್ದರೆ ಅಂದು ನಾನು ಎಲ್ಲಿದ್ದೇನೆಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಬೆರಳಿಗೆ ಒದಗಿದ್ದು ಕಿವಿಗೂ ಒದಗುತ್ತದೆ. ಮೇಜರ್ ಸ್ಕೇಲ್ ಎಂದರೆ ಒಂದು ಸ್ಥಾಯಿ ಏರುವ ಹೆಜ್ಜೆಗಳ ಒಂದು ಪಟ್ಟಿ, ಕಪ್ಪು ಬಿಳಿ ಎಲ್ಲ ಮನೆಗಳನ್ನೂ ಎಣಿಸಿ: ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. ಕೂಡಿದರೆ ಹನ್ನೆರಡು. ಶಂಕರಾಭರಣದ ಸ್ವರಸ್ಥಾನಗಳೂ ಇವೇ. ಗಮಕವಿಲ್ಲದೆ ಅದು ರಾಗವಾಗುವುದಿಲ್ಲ, ಆ ಮಾತು ಬೇರೆ. ಈ ಪಟ್ಟಿಯ ಸೊಟ್ಟನ್ನು ತಿದ್ದಿ ನೋಡೋಣವೆಂದು ಮನೆಯಲ್ಲಿ ಎಲ್ಲ ಹೆಜ್ಜೆಗಳನ್ನೂ ಎರಡೆರಡಾಗಿ ಮಾಡಿ ನುಡಿಸಿದೆ: ಸಿ, ಡಿ, ಇ, ಎಫ್ ಶಾರ್ಪ್ (ಎಂದರೆ ಎಫ್‌ಗಿಂತ ಒಂದು ಮನೆ ಮೇಲಿನದು), ಜಿ ಶಾರ್ಪ್, ಎ ಶಾರ್ಪ್, ಸಿ. ಇದಕ್ಕೆ ಹೋಲ್-ಟೋನ್ ಸ್ಕೇಲ್ ಎನ್ನುತ್ತಾರೆ. ಫ್ರಾನ್ಸಿನ ಡೆಬ್ಯುಸಿ ಇದನ್ನು ಒಲಿದು ಬಳಸಿದವನು. ಕೇಳಲು ಮಂಜಿನಲ್ಲಿ ತೇಲಿದ ಹಾಗೆ. ಆದರೆ ಎಲ್ಲಿಯೂ ನಿಲ್ಲಬೇಕೆನಿಸುವುದಿಲ್ಲ, ಎಲ್ಲಿ ನಿಂತರೂ ನಡೆಯುತ್ತದೆ. ಮರಳಿ ಸೊಟ್ಟ ಪಟ್ಟಿಗೆ ಬಂದು ಸಿಯಿಂದ ಒಂದೊಂದೇ ಏರಿ ಬಿಯ ಮೇಲೆ ಬೆರಳಿಟ್ಟು ನಿಂತೆ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತ ಹಾಗಾಯಿತು. ಒಳಗೆ ಹೋಗಲೇಬೇಕು. ಹನ್ನೆರಡು ಮನೆಗಳಲ್ಲಿ ನಮ್ಮ ಮನೆ ಯಾವುದೆಂದು ಕಿವಿಗೆ ತಿಳಿಸುವುದು ಆ ಎರಡು ಕಿರು ಹೆಜ್ಜೆಗಳು, ಮೂರೂವರೆ ಮತ್ತು ಏಳೂವರೆ ಇಲ್ಲದ ಜಾಗಗಳು.

ಇದು ತಿಳಿದ ಮೇಲೆ ಶಾರ್ಪ್ ಮತ್ತು ಫ್ಲಾಟ್‌ಗಳ ಭಯ ಹೋಯಿತು. ಜಿಯಿಂದ ಹೊರಟು ಅದೇ ಸೊಟ್ಟನ್ನು ಉಳಿಸಿಕೊಳ್ಳಬೇಕಾದರೆ ಎಫ್ ಬದಲು ಎಫ್ ಶಾರ್ಪ್ ಒತ್ತಬೇಕು. ಇಲ್ಲದಿದ್ದರೆ ಹೊಸ್ತಿಲು ಬಾಗಿಲಿಗೆ ತಾಗುವುದಿಲ್ಲ. ಡಿಯಿಂದ ಹೊರಟರೆ ಎರಡು ಶಾರ್ಪ್, ಎಯಿಂದ ಮೂರು, ಇಯಿಂದ ನಾಲ್ಕು. ಒಂದೊಂದು ಫಿಫ್ತ್ ಮೇಲೇರಿದಂತೆ ಒಂದೇ ಒಂದು ಸ್ವರ ಬದಲಾಗುತ್ತದೆ. ಬದಲಾಗುವುದು ಪ್ರತಿ ಸಲವೂ ಏಳನೆಯದು, ಆ ಹೊಸ್ತಿಲಿನದೇ. ಹೊಸದಾಗಿ ಸೇರುವ ಶಾರ್ಪ್‌ಗಳನ್ನು ಸಾಲಾಗಿ ಬರೆದರೆ ಎಫ್, ಸಿ, ಜಿ, ಡಿ, ಎ, ಇ, ಬಿ. ಫ್ಲಾಟ್‌ಗಳು ಸೇರುವ ಸಾಲು ಇದೇ, ಹಿಂದುಮುಂದಾಗಿ. ಒಂದು ಭಾನುವಾರ ಎಕ್ಸೆಲ್ ಹಾಳೆಯಲ್ಲಿ ಇದನ್ನೆಲ್ಲ ತುಂಬಿಸಿ ಬಣ್ಣ ಹಚ್ಚಿ ಶಿಕ್ಷಕಿಗೆ ತೋರಿಸಿದೆ. ನೋಡಿದರು, ಚೆನ್ನಾಗಿದೆ ಎಂದರು, “ಈಗ ಎಫ್ ಸ್ಕೇಲ್ ನುಡಿಸಿ” ಎಂದರು. ನುಡಿಸಲು ಬರಲಿಲ್ಲ.

ಬೆರಳುಗಳದ್ದು ಬೇರೆಯೇ ಗಣಿತ. ಸಿ ಸ್ಕೇಲಿನಲ್ಲಿ ಬಲಗೈಯ ಮೂರು ಬೆರಳು ಮುಗಿದ ಕೂಡಲೇ ಹೆಬ್ಬೆರಳು ಅಂಗೈಯಡಿ ನುಸುಳಿ ಬರಬೇಕು. ಎಫ್ ಸ್ಕೇಲಿನಲ್ಲಿ ನಾಲ್ಕು ಬೆರಳಾದ ಮೇಲೆ. ಏಕೆಂದರೆ ನಾಲ್ಕನೆಯ ಸ್ವರ ಕಪ್ಪು ಮನೆ, ಗಿಡ್ಡ ಹೆಬ್ಬೆರಳನ್ನು ಅಲ್ಲಿಗೆ ಹತ್ತಿಸುವುದು ಕಷ್ಟ. ಹೆಚ್ಚಿನ ಪುಸ್ತಕಗಳು ಸಿ ಸ್ಕೇಲನ್ನು ಮೊದಲ ಪಾಠವಾಗಿ ಕೊಡುತ್ತವೆ. ಹಾಳೆಯ ಮೇಲೆ ಅದು ಸುಲಭ, ಒಂದು ಶಾರ್ಪ್ ಕೂಡ ಇಲ್ಲ. ಕೈಗೆ ಹಾಗಲ್ಲ. ಹೆಸರಾಂತ ಪಿಯಾನೊ ವಾದಕ ಶೋಪ್ಯಾನ್ ತನ್ನ ಶಿಷ್ಯರಿಗೆ ಐದು ಶಾರ್ಪ್‌ಗಳ ಬಿ ಮೇಜರ್‌ನಿಂದ ಶುರು ಮಾಡಿಸಿ ಸಿಯನ್ನು ಕೊನೆಗೆ ಇಡುತ್ತಿದ್ದನಂತೆ: ಉದ್ದ ಬೆರಳುಗಳು ಕಪ್ಪು ಮನೆಗಳ ಮೇಲೆ, ಗಿಡ್ಡ ಬೆರಳುಗಳು ಬಿಳಿಯ ಮೇಲೆ ತಾವಾಗಿಯೇ ಕೂರುತ್ತವೆ. ನಾನು ನುಡಿಸಿ ನೋಡಿದೆ, ನಿಜ. ಸುಲಭ ಎಂಬುದು ಯಾರಿಗೆ ಸುಲಭ, ಕಣ್ಣಿಗೋ ಕೈಗೋ ಎಂದು ಆ ಪುಸ್ತಕ ಬರೆದವರನ್ನು ಕೇಳಬೇಕೆನಿಸುತ್ತದೆ.

ಐದು ಗೆರೆಗಳ ಲಿಪಿಯ ಬಗ್ಗೆ ಹೆಚ್ಚು ಹೇಳಲಾರೆ. ಅದು ಅಕ್ಷರಾಭ್ಯಾಸ, ತಿದ್ದಬೇಕು, ಅಷ್ಟೇ. ಬಲಗೈಯ ಸಾಲಿನ ಸುರುಳಿ ಗುರುತು ಜಿ ಎಲ್ಲಿದೆಯೆಂದು ತೋರಿಸುತ್ತದೆ, ಎಡಗೈಯ ಸಾಲಿನ ಎರಡು ಚುಕ್ಕಿಗಳ ನಡುವಿನ ಗೆರೆ ಎಫ್, ಎರಡು ಸಾಲುಗಳ ನಡುವೆ ಒಂಟಿ ತುಂಡುಗೆರೆಯ ಮೇಲೆ ಕುಳಿತದ್ದು ನಡುವಿನ ಸಿ. ಆರು ತಿಂಗಳಾದರೂ ಎಡಗೈಯ ಸಾಲನ್ನು ನಾನು ಕೂಡಿಸಿಕೊಂಡೇ ಓದುತ್ತೇನೆ.

ಕಾರ್ಡ್‌ಗಳಿಗೆ (ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವ ಗುಚ್ಛಗಳಿಗೆ) ಬಂದಾಗ ಮತ್ತೆ ಲೆಕ್ಕ ಶುರುವಾಯಿತು. ಮೇಜರ್ ಕಾರ್ಡ್ ಎಂದರೆ ನಾಲ್ಕು ಮನೆ ದಾಟಿ, ಆಮೇಲೆ ಮೂರು ಮನೆ ದಾಟುವುದು. ಮೈನರ್ ಎಂದರೆ ಮೊದಲು ಮೂರು, ಆಮೇಲೆ ನಾಲ್ಕು. ಮೊದಲ ದಿನ ಯಾವುದು ಯಾವುದೆಂದು ಗೊಂದಲವಾಗುತ್ತಿತ್ತು. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿಗೆ ಬಂದು ಪಾರಾದೆ: ಭಾಮಿನಿ ಷಟ್ಪದಿಯ ಗಣ ಮೂರು, ನಾಲ್ಕು, ಮೂರು, ನಾಲ್ಕು. ಅಂದಿನಿಂದ ಮೈನರ್ ಕಾರ್ಡ್ ಎಂದರೆ ನನಗೆ ಭಾಮಿನಿ. ಶಿಕ್ಷಕಿಗೆ ಹೇಳಿದೆ, ಅವರು ನಕ್ಕರು, ಅದು ಅರ್ಥವಾಗಿ ನಕ್ಕದ್ದೋ ನನ್ನನ್ನು ಕಂಡು ನಕ್ಕದ್ದೋ ತಿಳಿಯಲಿಲ್ಲ. ಎರಡಕ್ಕೂ ಒಟ್ಟು ಏಳೇ. ಹೊರಗಿನ ಎರಡು ಬೆರಳು ಕದಲುವುದಿಲ್ಲ, ನಡುವಿನದು ಒಂದು ಮನೆ ಆಚೀಚೆ ಸರಿಯುತ್ತದೆ, ಕೋಣೆಯ ಬೆಳಕೇ ಬದಲಾಗುತ್ತದೆ. ನಾಲ್ಕು ಕೂಡು ಮೂರು ಎಂದರೂ ಮೂರು ಕೂಡು ನಾಲ್ಕು ಎಂದರೂ ಒಂದೇ ಎಂದು ಇಷ್ಟು ವರ್ಷ ಸಹಿ ಹಾಕಿದ ಕೈ ನನ್ನದು.

ಮೇಜರ್ ಎಂದರೆ ಸಂತೋಷ, ಮೈನರ್ ಎಂದರೆ ದುಃಖ ಎಂದು ಮಕ್ಕಳಿಗೆ ಹೇಳಿಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅದು ಬಣ್ಣದ ಪೆನ್ಸಿಲ್ ಕೊಟ್ಟು ನೀಲಿ ಎಂದರೆ ಆಕಾಶ ಎಂದಂತೆ. ವೇಗವಾಗಿ ಕುಣಿಯುವ ಮೈನರ್ ಇದೆ. ನಿಧಾನಕ್ಕೆ ನುಡಿಸಿದಾಗ ಗಂಟಲು ಕಟ್ಟುವ ಮೇಜರ್ ಇದೆ. ನನಗೆ ಅದಕ್ಕಿಂತ ಹಿಡಿಸಿದ್ದು ಜಿ ಸೆವೆಂತ್ ಎಂಬ ಕಾರ್ಡ್: ಜಿ, ಬಿ, ಡಿ, ಎಫ್. ಇದರೊಳಗೆ ಬಿ ಮತ್ತು ಎಫ್ ಇವೆ; ಅವುಗಳ ನಡುವಿನ ದೂರ ಆರು ಮನೆ, ಹನ್ನೆರಡರ ಸರಿಯಾದ ಅರ್ಧ. ಇಷ್ಟು ದಿನ ನಾನು ಬಯಸಿದ ಸಮಪಾಲು ಇದೇ, ಆದರೆ ಇಷ್ಟು ಚಡಪಡಿಸುವ ಜೋಡಿ ಇನ್ನೊಂದಿಲ್ಲ. ಬಿ ಒಂದು ಮನೆ ಮೇಲೇರಿ ಸಿಗೆ ಹೋಗುತ್ತದೆ, ಎಫ್ ಒಂದು ಮನೆ ಕೆಳಗಿಳಿದು ಇಗೆ ಬರುತ್ತದೆ, ಆಗ ಶಾಂತಿ. ಎರಡೂ ದಾಟಿದ್ದು ಆ ಕಪ್ಪು ಮನೆಯಿಲ್ಲದ ಕಿರು ಸಂದುಗಳನ್ನೇ. ಒಮ್ಮೆ ಜಿ ಸೆವೆಂತ್ ನುಡಿಸಿ ಫೋನ್ ಬಂತೆಂದು ಎದ್ದು ಹೋದೆ. ಅತ್ತ ಕಡೆಯವರು ಏನು ಹೇಳಿದರೆಂದು ಇಂದಿಗೂ ನೆನಪಿಲ್ಲ; ವಾಪಸು ಬಂದು ಸಿ ಕಾರ್ಡ್ ಒತ್ತಿದ್ದು ನೆನಪಿದೆ.

ಇಷ್ಟೆಲ್ಲ ಆದ ಮೇಲೂ ಒಂದು ಸಮಾಧಾನವಿತ್ತು: ಸ್ವರಗಳ ಹೆಸರುಗಳು ಹೇಗಾದರೂ ಇರಲಿ, ಕಂಪನಗಳ ಲೆಕ್ಕವಾದರೂ ಶುದ್ಧವಾಗಿರಬೇಕಲ್ಲ. ಮೊದಮೊದಲು ಹಾಗೆಯೇ ಕಂಡಿತು. ನಡುವಿನ ಸಿಯ ಮೇಲಿನ ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನ. ಒಂದು ಸ್ಥಾಯಿ ಕೆಳಗೆ 220, ಮೇಲೆ 880. ಹನ್ನೆರಡು ಮನೆ ಏರಿದರೆ ಇಮ್ಮಡಿ. ಹಾಗಾದರೆ ಒಂದೊಂದು ಮನೆಗೆ ಎಷ್ಟು ಏರಬೇಕು? ಇದು ಚಕ್ರಬಡ್ಡಿಯ ಪ್ರಶ್ನೆ, ನನ್ನ ಅಂಗಳದ್ದು. ಹಣ ಎಷ್ಟು ವರ್ಷಕ್ಕೆ ಇಮ್ಮಡಿಯಾಗುತ್ತದೆಂದು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸುವ ಒರಟು ಲೆಕ್ಕವೊಂದಿದೆ. ಶೇಕಡಾ 6ಕ್ಕೆ ಹನ್ನೆರಡು ವರ್ಷ. ಪಿಯಾನೊದಲ್ಲಿ ನಿಖರವಾದ ದರ ಶೇಕಡಾ 5.946. ಕೀಲಿಮಣೆಯ ಕಟ್ಟಕಡೆಯ ಎಡ ಮನೆಯಲ್ಲಿ 27.5 ಇದ್ದದ್ದು ಬಡ್ಡಿಗೆ ಬಡ್ಡಿ ಬೆಳೆದು ಬಲತುದಿಯಲ್ಲಿ 4186 ಆಗುತ್ತದೆ.

ಆಮೇಲೆ ಫಿಫ್ತ್ ಲೆಕ್ಕಕ್ಕೆ ಕೈ ಹಾಕಿದೆ. ಕಿವಿಗೆ ಪೂರಾ ಹಿತವಾಗುವ ಫಿಫ್ತ್‌ನಲ್ಲಿ ಎರಡು ಸ್ವರಗಳ ಕಂಪನಗಳು 3ಕ್ಕೆ 2ರ ಅನುಪಾತದಲ್ಲಿರಬೇಕು, ಎಂದರೆ ಒಂದೂವರೆ ಪಟ್ಟು. ಸಿಯಿಂದ ಹನ್ನೆರಡು ಫಿಫ್ತ್ ಏರಿದರೆ ಮತ್ತೆ ಸಿಗೇ ಬರುತ್ತೇವೆ, ಏಳು ಸ್ಥಾಯಿ ಮೇಲೆ. ಕ್ಯಾಲ್ಕುಲೇಟರಿನಲ್ಲಿ ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದೆ: 129.746. ಎರಡನ್ನು ಏಳು ಸಲ ಗುಣಿಸಿದೆ: 128. ಒತ್ತಿದ್ದು ತಪ್ಪಿರಬೇಕೆಂದು ಮತ್ತೆ ಮಾಡಿದೆ. ತಪ್ಪಿರಲಿಲ್ಲ. ಮೂರನ್ನು ಎಷ್ಟು ಸಲ ಗುಣಿಸಿದರೂ ಅದು ಎರಡರ ಘಾತವಾಗುವುದಿಲ್ಲ. ಒಂದು ಬೆಸ, ಇನ್ನೊಂದು ಸಮ. ಈ ವ್ಯತ್ಯಾಸ ಪ್ರಕೃತಿಯಲ್ಲಿಯೇ ಇದೆ, ಯಾರ ಕೈತಪ್ಪೂ ಅಲ್ಲ. ಇದಕ್ಕೆ ಪೈಥಾಗೊರಸನ ಹೆಸರಿನ ಕಾಮಾ ಎನ್ನುತ್ತಾರೆ, ಶೇಕಡಾ 1.36ರಷ್ಟು.

ನಮ್ಮಲ್ಲಿ ತಾಳೆಯಾಗದ ಮೊತ್ತವನ್ನು ಸದ್ಯಕ್ಕೆ ಸಸ್ಪೆನ್ಸ್ ಖಾತೆಗೆ ಹಾಕಿಡುತ್ತೇವೆ. ಹಿಂದಿನ ಕಾಲದ ಕೆಲವು ಶ್ರುತಿಪದ್ಧತಿಗಳೂ ಹಾಗೆಯೇ ಮಾಡಿದವು: ಹೆಚ್ಚು ಬಳಸುವ ಸ್ವರಗಳನ್ನು ಇಂಪಾಗಿ ಇಟ್ಟುಕೊಂಡು, ಉಳಿದ ವಿಕಾರವನ್ನೆಲ್ಲ ಯಾರೂ ಮುಟ್ಟದ ಒಂದು ಫಿಫ್ತ್‌ಗೆ ದಬ್ಬುವುದು. ಅದನ್ನು ನುಡಿಸಿದರೆ ಊಳಿಟ್ಟಂತೆ ಕೇಳುತ್ತಿದ್ದುದರಿಂದ ಅದಕ್ಕೆ ‘ತೋಳ’ ಎಂದೇ ಹೆಸರು. ಬಾಖ್ 1722ರಲ್ಲಿ ಹನ್ನೆರಡು ಮೇಜರ್ ಮತ್ತು ಹನ್ನೆರಡು ಮೈನರ್, ಒಟ್ಟು 24 ಸ್ಕೇಲುಗಳಲ್ಲೂ ನುಡಿಸುವ ಸಂಪುಟವೊಂದನ್ನು ಸಿದ್ಧಪಡಿಸಿದ. ತೋಳವಿರುವ ವಾದ್ಯದ ಮೇಲೆ ಅದು ಆಗುವ ಮಾತಲ್ಲ. ಇಂದಿನ ಪಿಯಾನೊದಲ್ಲಿ ಆ ವ್ಯತ್ಯಾಸವನ್ನು ಹನ್ನೆರಡು ಸಮಪಾಲು ಮಾಡಿ ಎಲ್ಲ ಫಿಫ್ತ್‌ಗಳಿಗೂ ಹಂಚಿದ್ದಾರೆ. ಒಂದೊಂದೂ 1.5ರ ಬದಲು 1.4983. ಕಿವಿಗೆ ಗೊತ್ತೇ ಆಗುವುದಿಲ್ಲ. ಥರ್ಡ್‌ಗಳ ಪಾಡು ಅಷ್ಟು ಚೆನ್ನಾಗಿಲ್ಲ: ಸಿಯಿಂದ ಇಗೆ ಇರುವಂಥ ಥರ್ಡ್ 1.25, ಎಂದರೆ 5ಕ್ಕೆ 4, ಇರಬೇಕಾದದ್ದು 1.26ರ ಹತ್ತಿರ. ಸ್ಥಾಯಿಯೊಂದನ್ನು ಬಿಟ್ಟು ಪಿಯಾನೊದ ಯಾವ ಅಂತರವೂ ಪೂರ್ತಿ ಶುದ್ಧವಲ್ಲ.

ಇದನ್ನು ಕಾಗದದಲ್ಲಿ ತಿಳಿದು ಕೆಲವು ವಾರಗಳಾದ ಮೇಲೆ ಕಿವಿಯಾರೆ ಕೇಳಿದೆ. ನನ್ನ ತರಗತಿಯ ಹೊತ್ತಿಗೆ ಶ್ರುತಿ ಮಾಡುವವರು ಬಂದಿದ್ದರು. ಪಿಯಾನೊದ ಮುಂಭಾಗದ ಹಲಗೆ ಕಳಚಿ ಗೋಡೆಗೆ ಒರಗಿಸಿದ್ದರು. ಒಳಗೆ 200ಕ್ಕೂ ಹೆಚ್ಚು ತಂತಿಗಳು ಬಿಗಿದುಕೊಂಡಿದ್ದವು. ಪಾಠ ರದ್ದಾಯಿತು, ನಾನು ಮೂಲೆಯಲ್ಲಿ ಕುಳಿತೆ. ಅವರು ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು ಎ ಹಿಡಿದರು, ಅದರ ಕೆಳಗಿನ ಎ ಹೊಂದಿಸಿದರು, ಅದಕ್ಕೂ ಕೆಳಗಿನ ಎಫ್ ಜೊತೆಗೆ ಒತ್ತಿದರು. ಎರಡು ಸ್ವರಗಳ ಮೇಲೆ ಮೂರನೆಯದೊಂದು ನಡುಕ ಕೇಳಿಸಿತು, ದೂರದಲ್ಲಿ ಮೋಟಾರು ಓಡಿದ ಹಾಗೆ. ಮನಸ್ಸಿನಲ್ಲೇ ಗುಣಿಸಿದೆ: ಎಫ್ 174.6, ಅದರ ಐದು ಪಟ್ಟು 873. ಎ 220, ಅದರ ನಾಲ್ಕು ಪಟ್ಟು 880. ಹೊಂದಿದ್ದರೆ ಎರಡೂ ಒಂದೇ ಆಗಬೇಕಿತ್ತು. ಉಳಿದ ಏಳು, ಸೆಕೆಂಡಿಗೆ ಏಳು ಸಲ, ನನ್ನ ಕಿವಿಯಲ್ಲಿ ನಡುಗುತ್ತಿತ್ತು.

“ಇದು ಕೂಡಿಲ್ಲವಲ್ಲ?” ಎಂದೆ.

“ಇದನ್ನು ಕೂಡಿಸಿದರೆ ಬೇರೊಂದು ಕಡೆ ಕೆಡುತ್ತದೆ” ಎಂದು ಅವರು ತಿರುಗಿ ನೋಡದೆ ಹೇಳಿದರು. ಒಂದು ಮನೆ ಮೇಲಿನ ಜೋಡಿಗೆ ಹೋದರು. ನಡುಕ ಒಂದಿಷ್ಟು ಚುರುಕಾಯಿತು. ಅದರ ಮೇಲಿನದು ಇನ್ನಷ್ಟು. ನಡುವಿನ ಸಿ ಮತ್ತು ಇ ಜೋಡಿಗೆ ಬರುವ ಹೊತ್ತಿಗೆ ಅದು ಸೆಕೆಂಡಿಗೆ ಹತ್ತಾಗಿತ್ತು. ಅವರು ತಪ್ಪನ್ನು ಅಳಿಸುತ್ತಿರಲಿಲ್ಲ; ಎಷ್ಟು ತಪ್ಪಿರಬೇಕೋ ಅಷ್ಟೇ ತಪ್ಪಿದೆಯೇ ಎಂದು ನೋಡುತ್ತಿದ್ದರು.

ಕೆಲಸ ಮುಗಿದ ಮೇಲೆ ಏನಾದರೂ ನುಡಿಸಿ ನೋಡಿ ಎಂದರು. ಎರಡೂ ಕೈಯಲ್ಲಿ ನನಗೆ ಬರುವುದು ಒಂದೇ ಪಾಠ, ಎಂಟು ಸಾಲಿನದು. ನುಡಿಸಿದೆ. ಐದನೆಯ ಸಾಲಿನಲ್ಲಿ ಎಡಗೈಯ ಒಂದು ಸ್ವರ ಕರ್ಕಶವಾಗಿ ಕೇಳಿಸಿತು. ಇನ್ನೊಮ್ಮೆ ನುಡಿಸಿದೆ, ಮತ್ತೆ ಹಾಗೆಯೇ. ಈಗಷ್ಟೇ ಕಂಪನ ಎಣಿಸಲು ಕಲಿತ ಹುಮ್ಮಸ್ಸಿನಲ್ಲಿ, “ಈ ಇ ಸ್ವರ ಸ್ವಲ್ಪ ಏರಿದ ಹಾಗಿದೆ, ನೋಡುತ್ತೀರಾ?” ಎಂದು ಕೇಳಿದೆ.

ಅವರು ಬಟ್ಟೆಯಲ್ಲಿ ಸುತ್ತುತ್ತಿದ್ದ ಸಲಕರಣೆಯನ್ನು ಕೆಳಗಿಟ್ಟು ನನ್ನ ಹೆಗಲ ಮೇಲಿಂದ ಬಾಗಿ ಕೀಲಿಮಣೆ ನೋಡಿದರು. “ಶ್ರುತಿ ಸರಿಯಾಗಿದೆ ಸರ್” ಎಂದರು. “ನೀವು ಒತ್ತುತ್ತಿರುವುದು ಎಫ್.”